ನಾಲ್ಕು ಟೈರು, ಎಂಟು ಗಾಡಿ

ಇಳಕಲ್ಲಿನ ಶಂಕರಲಿಂಗನ ಕಾರಿನ ಟೈರುಗಳು ಸವೆದುಹೋಗಿವೆ ಎಂಬುದು ಶಂಕರಲಿಂಗನೊಬ್ಬನನ್ನು ಬಿಟ್ಟು ಇಡೀ ಓಣಿಗೆ ಗೊತ್ತಿತ್ತು. ಹೊಸತರಲ್ಲಿ ಅವುಗಳ ಮೇಲೆ ಇದ್ದ ಗೆರೆ, ಕಚ್ಚುಗಳೆಲ್ಲ ಮಾಯವಾಗಿ, ಈಗ ಅವು ಹಸುಗೂಸಿನ ಗಲ್ಲದಷ್ಟು ನುಣ್ಣಗಾಗಿದ್ದವು. ಮಳೆ ಬಂದ ದಿನ ಬ್ರೇಕು ಒತ್ತಿದರೆ ನಿಲ್ಲಬೇಕೋ ಬೇಡವೋ ಎಂಬುದನ್ನು ಕಾರು ತಾನೇ ವಿಚಾರ ಮಾಡಿ ತೀರ್ಮಾನಿಸುತ್ತಿತ್ತು. ಹಾಗೆ ಒಂದು ಸಂಜೆ ಅದು ತನ್ನ ಮನೆಯನ್ನು ದಾಟಿ, ಪಕ್ಕದ ಮನೆಯ ಖೈರುನಬಿಯ ಅಂಗಳದವರೆಗೂ ಜಾರಿ, ಅಲ್ಲಿದ್ದ ನೀರಿನ ಬ್ಯಾರಲ್ಲಿಗೆ ಮುತ್ತಿಟ್ಟು ನಿಂತಿತು.

ಖೈರುನಬಿ ವಯಸ್ಸಾದ ಹೆಂಗಸು. ಸಿಟ್ಟು ಬಂದರೂ ದನಿ ಏರಿಸುವವಳಲ್ಲ. "ಶಂಕರಲಿಂಗಪ್ಪಾ, ನೀ ಟೈರ್ ಹಾಕಸ್ತಿಯೋ, ಇಲ್ಲಾ ನಾನೇ ನನ್ನ ಮನಿ ಒಂದೀಟು ಹಿಂದ ಸರಸಲ್ಯೋ?" ಎಂದು ಮೆತ್ತಗೆ ಕೇಳಿದಳು.

ಶಂಕರಲಿಂಗನ ಹೆಂಡತಿ ಮಹಾನಂದಾ ಅಷ್ಟು ಮೆತ್ತಗಿನವಳಲ್ಲ. "ಬದಾಮಿ ಸುಂದರಕ್ಕನ ಮಗಳ ಮದುವಿ ಹತ್ರ ಬಂತು. ಈ ಟೈರಿನ ಮ್ಯಾಲೆ ನಾ ಹುನಗುಂದದ ತನಕಾ ಬರೂದಿಲ್ಲ. ನಾ ಬಸ್ಸಿಗೆ ಹೋಗ್ತೇನಿ. ನೀವು ಹಿಂದಿಂದ ಜಾರಕೋತ ಬರ್ರಿ."

ಶಂಕರಲಿಂಗ ಕೆಟ್ಟವನಲ್ಲ, ದಡ್ಡನೂ ಅಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಎರಡು ಮಷಿನ್ ಮಗ್ಗ ಹಾಕಿಕೊಂಡು ಸೀರೆ ನೇಯಿಸಿ ಮಾರುತ್ತಿದ್ದ. ಅವನಿಗಿದ್ದದ್ದು ಒಂದೇ ಒಂದು ದೋಷ. ಒಳಗೆ ಸಣ್ಣದಾಗಿದ್ದ ಸಂಗತಿ ಅವನ ಬಾಯಿಂದ ಹೊರಬರುವಷ್ಟರಲ್ಲಿ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿರುತ್ತಿತ್ತು. ನೆಗಡಿಯಾದರೆ ನ್ಯುಮೋನಿಯಾ ಎನ್ನುತ್ತಿದ್ದ. ತಹಶೀಲ್ದಾರರ ಜೀಪಿನ ಡ್ರೈವರು ನಮಸ್ಕಾರ ಹೇಳಿದರೆ ತಹಶೀಲ್ದಾರರೇ ಮನೆತನಕ ಬಂದಿದ್ದರು ಎನ್ನುತ್ತಿದ್ದ.

ಬ್ಯಾರಲ್ ಪ್ರಸಂಗದ ಮರುದಿನವೇ ಅವನು ಮೊಬೈಲಿನಲ್ಲಿ ಟೈರಿನ ವಿಡಿಯೋಗಳನ್ನು ನೋಡಲು ಕುಳಿತ. ಅದಾದ ಮೇಲೆ ಚಹಾದಂಗಡಿಗೆ ಬಂದವನ ನಡಿಗೆಯೇ ಬೇರೆಯಾಗಿತ್ತು.

"ಟೈರಂದ್ರ ಬರೇ ರಬ್ಬರ್ ಅಲ್ರಿಪಾ," ಎಂದು ಅವನು ಬೆಂಚಿನ ಮೇಲಿದ್ದವರಿಗೆಲ್ಲ ತಿಳಿಸಿದ. "ಟೈರಂದ್ರ ಒಂದು ವಿಜ್ಞಾನ."

ಬೆಂಚಿನವರಿಗೆ ವಿಜ್ಞಾನಕ್ಕಿಂತ ರೇಟಿನ ಮೇಲೆ ಆಸಕ್ತಿ. ಒಬ್ಬ, ಹಳೆಯದಕ್ಕೇ ಮೇಲೊಂದು ಪದರು ರಬ್ಬರ್ ಹಚ್ಚಿಸು ಎಂದ. ಇನ್ನೊಬ್ಬ, ಗುಜರಿಯಲ್ಲಿ ಸಿಗುತ್ತವೆ, ತೊಳೆದರೆ ಹೊಸತರ ಹಾಗೆ ಹೊಳೆಯುತ್ತವೆ ಎಂದ. ಕಲ್ಲಿನ ಕ್ವಾರಿಯ ಲಾರಿ ಓಡಿಸುವವನೊಬ್ಬ ತನ್ನ ಲಾರಿಯ ಹಳೆಯ ಟೈರನ್ನೇ ಪುಕ್ಕಟೆ ಕೊಡುತ್ತೇನೆ, ಕಾರನ್ನು ಮಾತ್ರ ಒಂದಿಷ್ಟು ದೊಡ್ಡದು ತಗೋ ಎಂದ.

ಶಂಕರಲಿಂಗ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಮಾಲು ಫಸ್ಟ್ ಕ್ಲಾಸ್ ಇರಬೇಕು, ರೇಟು ಮಾತ್ರ ಇಳಕಲ್ಲಾಗ ಯಾರಿಗೂ ಸಿಕ್ಕಿರಬಾರದು. ಹಂಗ ತರ್ತೇನಿ, ನೋಡ್ತಿರ್ರಿ."

ಇಳಕಲ್ಲಿನ ಅಂಗಡಿಯಲ್ಲಿ ಟೈರು ಚೆನ್ನಾಗಿತ್ತು, ರೇಟು ಕೇಳಿದ ಮೇಲೆ ನೀರು ಕುಡಿಯಬೇಕಾಯಿತು. ಹುನಗುಂದದ ಅಂಗಡಿಯಲ್ಲಿ ರೇಟು ಚೆನ್ನಾಗಿತ್ತು. ಆದರೆ ಟೈರಿನ ಮೇಲಿದ್ದ ಕಂಪನಿಯ ಹೆಸರನ್ನು ಅಂಗಡಿಯವನಿಗೂ ಓದಲು ಬರಲಿಲ್ಲ. ವಿಡಿಯೋದಲ್ಲಿ ಕಲಿತಂತೆ ಶಂಕರಲಿಂಗ ಬಗ್ಗಿ ಅದು ತಯಾರಾದ ವರ್ಷ ಹುಡುಕಿ, "ಇದು ನನ್ನ ಕಾರಕಿಂತ ಹಿರೇದೈತ್ರಿ. ಇದಕ್ಕ ನಮಸ್ಕಾರ ಮಾಡಬೇಕ ಹೊರತು ಹಾಕಬಾರದು," ಎಂದು ಎದ್ದು ಬಂದ. ಉಳಿದದ್ದು ಬಾಗಲಕೋಟೆ.

ನವನಗರದಲ್ಲಿ ಜಹೀರನ ಟೈರಿನಂಗಡಿ ದೊಡ್ಡದು. ಜಹೀರ ಅಂಗಡಿಗಿಂತಲೂ ದೊಡ್ಡ ಮನುಷ್ಯ. ನಕ್ಕರೆ ಹಿಂದಿನ ಟೈರಿನ ರಾಶಿ ಅಲುಗುತ್ತಿತ್ತು. ಅವನು ಒಂದು ಹೊಸ ಟೈರು ಉರುಳಿಸಿ ತಂದು ನಿಲ್ಲಿಸಿದ. ಶಂಕರಲಿಂಗ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದ. ಬೆಳಕಿಗೆ ತಿರುಗಿಸಿದ. ಅಂಗೈಯಿಂದ ಸವರಿದ. ಕೊನೆಗೆ, ಜೀವಮಾನವೆಲ್ಲ ಸೀರೆ ನೋಡಿದವನ ರೂಢಿಯಂತೆ, "ಬಣ್ಣಾ ಹೋಗೂದಿಲ್ಲಲ್ರಿ?" ಎಂದು ಕೇಳಿದ.

ಜಹೀರ ಟೈರನ್ನೂ ಅವನನ್ನೂ ನೋಡಿ, "ಗ್ಯಾರಂಟಿ ಕರೇನ ಇರ್ತೈತ್ರಿ," ಎಂದ.

ಆದರೆ ರೇಟು ಇಲ್ಲಿಯೂ ಇಳಿಯಲಿಲ್ಲ. ಪಕ್ಕದಲ್ಲಿ ಒಬ್ಬ ಬಂದು ಅದೇ ಟೈರನ್ನು ಎಷ್ಟೋ ಕಡಿಮೆಗೆ ತೆಗೆದುಕೊಂಡು ಹೋದ. ಶಂಕರಲಿಂಗನ ಕಣ್ಣು ಕೆಂಪಾದವು.

"ಅವರಿಗೊಂದು ರೇಟು, ನಮಗೊಂದು ರೇಟೇನ್ರಿ?"

"ಅವರು ಧಂದೆ ಮಾಡೂ ಮಂದಿರಿ. ಭಾಳ ಓಡಸ್ತಾರ. ಅವರಿಗೆ ಹೋಲ್‌ಸೇಲ್ ರೇಟು."

"ನಾನೂ ಧಂದೆ ಮಾಡಾಂವರಿ!" ಶಂಕರಲಿಂಗನ ಎದೆ ಮುಂದೆ ಬಂತು. "ನಾನೂ ಓಡಸ್ತೇನಿ."

"ಹೌದೇನ್ರಿ? ಎಷ್ಟು ಓಡಸ್ತೀರಿ?"

ಎರಡು ಮಗ್ಗ ಎಂದು ಹೇಳಬೇಕೆಂದೇ ಶಂಕರಲಿಂಗ ಬಾಯಿ ತೆರೆದದ್ದು. ಪೂರಿ ಉಬ್ಬಿತು. "ಎಂಟು!" ಎಂದ. ಇಳಕಲ್ಲಿನವನನ್ನು ಎಷ್ಟು ಓಡಿಸುತ್ತೀ ಎಂದು ಕೇಳಿದರೆ ಅದು ಮಗ್ಗದ ಮಾತಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ಟೈರು ಮಾರುವವನು ಅದೇ ಪ್ರಶ್ನೆ ಕೇಳಿದರೆ ಅದು ಏನಾಗಿರಬಹುದು ಎಂಬ ವಿಚಾರ ಅವನ ತಲೆಗೆ ಹೋಗಲಿಲ್ಲ.

ಜಹೀರ ಕುರ್ಚಿ ಸರಿಸಿದ. "ಕುಂದರ್ರಿ ಮಾಲಕ್ರ. ಎಲ್ಲಾ ನಮ್ಮವ ಏನ್ರಿ?"

"ಎಲ್ಲಾ ಸ್ವಂತ. ಹಗಲು ರಾತ್ರಿ ಓಡತಾವು. ಒಂದೂ ನಿಂದ್ರೂದಿಲ್ಲ."

"ಮದುವಿ ಸೀಜನ್ನಿನ್ಯಾಗ?"

"ಆವಾಗ ಅಂತೂ ಉಸರು ಬಿಡಾಕ ಪುರಸತ್ತಿರೂದಿಲ್ರಿ. ನಮ್ಮ ಕಮಾಯಿ ಎಲ್ಲಾ ಮದುವಿ ಸೀಜನ್ನಿನ್ಯಾಗ."

"ಎಲ್ಲಿ ತನಕಾ ಹೋಗ್ತಾವ್ರಿ?"

"ಸೊಲ್ಲಾಪುರ, ಪುಣೆ, ಮುಂಬೈ. ಮಹಾರಾಷ್ಟ್ರದಾಗ ನಮ್ಮವಕ್ಕ ಭಾಳ ಕಿಮ್ಮತ್ತು."

"ಆಳಿನ ತ್ರಾಸ?"

"ಕೇಳಬ್ಯಾಡ್ರಿ! ಸಂತಿ ದಿನಾ ಒಬ್ಬಾಂವರ ಕೆಲಸಕ್ಕ ಬರೂದಿಲ್ಲ."

"ಎಲ್ಲಾ ಕಡೆ ಅದ ಹಾಡ್ರಿ," ಎಂದು ಜಹೀರ ಮರುಗಿದ. "ಮೊದಲ ಹೇಳಬಾರದೇನ್ರಿ ಇದನ್ನ?" ಎನ್ನುತ್ತ ಹೊಸ ರೇಟು ಹೇಳಿದ. ಅದು ಇಳಕಲ್ಲಿನಲ್ಲಿ ಯಾರಿಗೂ ಸಿಕ್ಕಿರದ ರೇಟು. ಬೆಂಚಿನವರ ಮುಖಗಳು ಶಂಕರಲಿಂಗನ ಕಣ್ಣ ಮುಂದೆ ಸಾಲಾಗಿ ಹಾದುಹೋದವು.

ಆಗ ಜಹೀರ, "ಈಗ ಈ ಕಾರಿಗೆ ಹಾಕೂಣು. ಉಳಿದ ಏಳೂ ಗಾಡಿ ಒಂದೊಂದಾಗಿ ಕಳಸ್ರಿ," ಎಂದ.

ಶಂಕರಲಿಂಗನಿಗೆ ಆಗ ಎಲ್ಲ ತಿಳಿಯಿತು. ಇಲ್ಲಿ ನಾವು ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನು ಸುಳ್ಳು ಹೇಳಲಿಲ್ಲ. ಅವನು ಏನನ್ನೂ ಹೇಳಲಿಲ್ಲ. ಎದುರಿಗಿದ್ದ ಚಹಾ ಎತ್ತಿ ಕುಡಿದ. ಬಹಳ ಹೊತ್ತು ಕುಡಿದ. ಕಪ್ಪು ಖಾಲಿಯಾದ ಮೇಲೂ ಕುಡಿದ.

"ಬಿಲ್ಲಿಗೆ ಟ್ರಾವೆಲ್ಸ್ ಹೆಸರು, ನಂಬರು ಹೇಳ್ರಿ," ಎಂದ ಜಹೀರ. ಅಷ್ಟರಲ್ಲಿ ಮೇಜಿನ ಮೇಲಿದ್ದ ಶಂಕರಲಿಂಗನ ಫೋನು ಬಡಿದುಕೊಂಡಿತು. ಜಹೀರ ಬಗ್ಗಿ ಓದಿದ. "ಮಹಾನಂದಾ! ಭಾಳ ಚಲೋ ಹೆಸರು. ಇದ ಆಫೀಸ್ ನಂಬರೇನ್ರಿ?"

"ಎಲ್ಲಾ ಅಲ್ಲಿಂದನ ನಡೀತೈತ್ರಿ," ಎಂದ ಶಂಕರಲಿಂಗ. ಅವನು ಆ ದಿನ ಆಡಿದ ಮಾತುಗಳಲ್ಲಿ ಇದೊಂದು ಅಪ್ಪಟ ಸತ್ಯ.

ಟೈರು ಹಾಕಿದ್ದಾಯಿತು. ಶಂಕರಲಿಂಗ ಕಾರಿನ ಸುತ್ತ ಬಗ್ಗಿ ಬಗ್ಗಿ ಮೂರು ಸುತ್ತು ಹಾಕಿದ. ಅವನ ಕಣ್ಣು ಟೈರು ಬಿಟ್ಟು ಮೇಲೇಳಲಿಲ್ಲ. "ನಮ್ಮ ಕಡಿಂದ ಹಿಂದ ಒಂದು ಸಣ್ಣ ಕಾಣಿಕಿ ಐತ್ರಿ," ಎಂದು ಜಹೀರ ಹೇಳಿದ್ದನ್ನು, ಗಾಳಿ ಪುಕ್ಕಟೆ ಹಾಕಿದ್ದಾನೆ ಎಂದು ತಿಳಿದು ಕೈ ಮುಗಿದು ಹೊರಟ.

ದಾರಿಯುದ್ದಕ್ಕೂ ಅವನಿಗೆ ಆಶ್ಚರ್ಯ. ಹಿಂದೆ ಬಂದ ಗಾಡಿಯವರೆಲ್ಲ ಮುಂದೆ ದಾಟುವಾಗ ಅವನನ್ನು ತಿರುಗಿ ನೋಡುತ್ತಿದ್ದರು. ಒಳ್ಳೆಯ ಟೈರು ಎಂದರೆ ಹೀಗೆ ಕಾಣಿಸಿಕೊಳ್ಳುತ್ತದೆ ಎಂದು ಅವನು ತೃಪ್ತಿಪಟ್ಟ. ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತಾಗ ಗಂಟುಮೂಟೆ ಹೊತ್ತ ಸಂಸಾರವೊಂದು ಓಡಿಬಂತು.

"ಖಾಲಿ ಐತೇನ್ರಿ?" ಎಂದು ಕೇಳಿದ ಸಂಸಾರದ ಯಜಮಾನ.

"ಖಾಲಿ ಯಾಕ್ರಿ? ಈಗಷ್ಟ ತುಂಬಿಸೇನಿ," ಎಂದು ಶಂಕರಲಿಂಗ ಟೈರನ್ನು ಕಾಲಿನಿಂದ ಒದ್ದು ತೋರಿಸಿದ. "ನಾಲ್ಕರಾಗೂ ಫುಲ್ ಐತಿ."

ಸಂಸಾರ ಹೆದರಿ ಹಿಂದೆ ಸರಿಯಿತು.

ಮನೆಗೆ ಬಂದು ಕಾರು ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕೆಂದನೋ ಅಲ್ಲಿಯೇ ನಿಂತಿತು. ಈ ಪವಾಡವನ್ನು ನೋಡಲೆಂದು ಮಹಾನಂದಾ ಹೊರಗೆ ಬಂದಳು. ಆದರೆ ಅವಳು ಟೈರು ನೋಡಲಿಲ್ಲ. ಕಾರಿನ ಹಿಂದಿನ ಗಾಜಿನ ಮುಂದೆ ನಿಂತುಬಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮದುವ್ಯಾಗಿ ಬಂದಾಗಿಂದ ಒಂದು ಸೀರಿಗೂ ನನ್ನ ಹೆಸರಿಟ್ಟಿರಲಿಲ್ಲ ನೀವು," ಎಂದಳು. "ಒಮ್ಮೆಗೇ ಇಷ್ಟು ದೊಡ್ಡ ಅಕ್ಷರದಾಗ ಬರಸೀರಿ!"

ಶಂಕರಲಿಂಗ ಹಿಂದೆ ಹೋಗಿ ನೋಡಿದ. ಗಾಜಿನ ತುಂಬ ಕೆಂಪು ಹಳದಿ ಅಕ್ಷರಗಳಲ್ಲಿ, ಮಗ್ಗುಲಿಗೆ ಒಂದು ನವಿಲಿನ ಚಿತ್ರದ ಸಮೇತ, 'ಮಹಾನಂದಾ ಟ್ರಾವೆಲ್ಸ್, ಇಳಕಲ್' ಎಂದಿತ್ತು. ಕೆಳಗೆ ಹೆಂಡತಿಯ ಫೋನ್ ನಂಬರು. ಅವನು ನಿಜ ಹೇಳಲೆಂದು ತಿರುಗಿದ. ಆದರೆ ಹೆಂಡತಿಯ ಮುಖದಲ್ಲಿ ಅಂಥ ಬೆಳಕನ್ನು ಅವನು ನೋಡಿ ಬಹಳ ಕಾಲವಾಗಿತ್ತು.

"ಸಣ್ಣದೊಂದು ವಿಚಾರ ಇತ್ತು," ಎಂದ.

ಅವನು ಒಳಗೆ ಹೋಗಿ ನೀರು ಕುಡಿಯುವಷ್ಟರಲ್ಲಿ ಅವಳು ಬದಾಮಿಯ ಅಕ್ಕ ಸುಂದರವ್ವನಿಗೆ ಫೋನು ಮಾಡಿ ಮುಗಿಸಿದ್ದಳು. ಅವನು ಮುಖ ತೊಳೆಯುವಷ್ಟರಲ್ಲಿ ಖೈರುನಬಿ ಬಂದು ಕುಳಿತಿದ್ದಳು. "ಕಲಾದಗಿಗೆ ಮಗಳ ಮನಿಗೆ ಹೋಗೂದೈತಿ. ಬರೂವಾಗ ಚಿಕ್ಕು ಹಣ್ಣಿನ ಬುಟ್ಟಿ ಇರ್ತಾವು. ದೊಡ್ಡ ಗಾಡಿನ ಕಳಸಪಾ. ನನ್ನ ಬ್ಯಾರಲ್ ನೆಗ್ಗಸೀದಿ, ಬಾಡಿಗಿ ಅಂತೂ ತಗೊಳ್ಳೂದಿಲ್ಲ ನೀ."

ಮರುದಿನ ಬೆಳಿಗ್ಗೆ ಮಹಾನಂದಾಳ ಫೋನು ಬಡಿಯಲು ಶುರುವಾಯಿತು. ಯಾರೋ ಮಂತ್ರಾಲಯಕ್ಕೆ ಗಾಡಿ ಕೇಳಿದರು, ಯಾರೋ ಪಟ್ಟದಕಲ್ಲಿಗೆ. ಅವಳು ಎಲ್ಲರಿಗೂ, "ಇನ್ನೂ ಮುಹೂರ್ತ ಇಟ್ಟಿಲ್ರಿ, ತಿಳಸ್ತೇನಿ," ಎಂದು ಅನುಭವಸ್ಥಳ ಹಾಗೆ ಉತ್ತರ ಕೊಟ್ಟಳು. ಒಂದು ವಾರದ ಮೇಲೆ ಬಂದದ್ದು ಜಹೀರನ ಫೋನು. ಮಾತು ಕೇಳಿಸಿಕೊಂಡವಳು ಫೋನಿನ ಮೇಲೆ ಕೈ ಮುಚ್ಚಿ ಗಂಡನ ಕಡೆ ತಿರುಗಿದಳು.

"ಉಳಿದ ಏಳು ಗಾಡಿ ಯಾವಾಗ ಬರ್ತಾವು ಅಂತ ಕೇಳಾಕತ್ತಾರ. ಎಲ್ಲೆ ನಿಂದ್ರಿಸೀರಿ ಅವನ್ನ?"

ಶಂಕರಲಿಂಗ ಮಗ್ಗದ ಕೋಣೆಯ ಕಡೆ ನೋಡಿದ. ಒಳಗಿಂದ ಎರಡು ಮಗ್ಗಗಳು ಖಟಾಖಟ್ ಎನ್ನುತ್ತಿದ್ದವು. ಇನ್ನು ಚಹಾ ಕುಡಿದು ಪಾರಾಗುವಂತಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಮಹಾನಂದಾ ಬೈಯಬೇಕೋ ನಗಬೇಕೋ ಎಂದು ನಿರ್ಧರಿಸುವ ಮೊದಲೇ ಫೋನು ಮತ್ತೆ ಬಡಿಯಿತು. ಈ ಬಾರಿ ಬದಾಮಿ.

ಸುಂದರವ್ವನ ಗಂಡ ಚಂದ್ರಶೇಖರಪ್ಪ ಎಂದರೆ ಶಂಕರಲಿಂಗನಿಗೆ ಹಿರಿಯ ಸಡ್ಡಕ. ಕಾಳು ವ್ಯಾಪಾರದಲ್ಲಿ ಕೈ ಚೆನ್ನಾಗಿತ್ತು, ದನಿ ಅದಕ್ಕಿಂತ ಚೆನ್ನಾಗಿತ್ತು. ಇಷ್ಟು ವರ್ಷ ಅವರು ಶಂಕರಲಿಂಗನನ್ನು "ನಮ್ಮ ಮಗ್ಗದಾಂವ" ಎಂದು ಪರಿಚಯಿಸುತ್ತಿದ್ದರು. ಇಂದು ಫೋನಿನಿಂದ ಹೊರಬಂದ ಕೂಗು ಓಣಿಗೆಲ್ಲ ಕೇಳಿಸಿತು.

"ಏನಲೇ ಶಂಕರಲಿಂಗ! ಸಡ್ಡಕರ ಮುಂದ ಮುಚ್ಚಿಡ್ತಿ? ಬಾಗಲಕೋಟಿಗೆ ಜವಳಿಗೆ ಹೋಗಿದ್ದೆ, ಮಹಾನಂದಾ ಹೇಳಿದ ಆ ಟೈರಿನಂಗಡ್ಯಾಗ ಖುದ್ದ ವಿಚಾರ್ಸೇನಿ. ಎಂಟು ಗಾಡಿ ಅಂತಲ್ಲೋ! ನಾ ಮದುವಿಗೆ ಹೇಳಿದ್ದ ಬಸ್ಸು ಬ್ಯಾಡ ಅಂದುಬಿಟ್ಟೆ. ಹುನಗುಂದದ ಬೀಗರಿಗೂ ಹೇಳೇನಿ. ನಮ್ಮ ದಿಬ್ಬಣ ನಮ್ಮ ಮನ್ಯಾನ ಗಾಡ್ಯಾಗ ಬರ್ತೈತಿ ಅಂತ!"

ಫೋನು ಕಟ್ಟಾಯಿತು.

"ಎದ್ದೇಳ್ರಿ," ಎಂದಳು ಮಹಾನಂದಾ. "ಬದಾಮಿಗೆ ಹೋಗಿ ಖರೆ ಮಾತು ಮಾರಿ ಮ್ಯಾಲೆ ಹೇಳಿ ಬರೂಣು."

ಅವರು ಹೊರಟರು. ಗುಳೇದಗುಡ್ಡದ ದಾರಿಯಲ್ಲಿ ಗಾಡಿಗಳ ತಪಾಸಣೆ ನಡೆದಿತ್ತು. ಖಾಕಿ ತೊಟ್ಟ ಸಾಹೇಬರೊಬ್ಬರು ಕೈ ಅಡ್ಡ ಮಾಡಿದರು. ಮುಂದಿನ ಬಿಳಿ ನಂಬರ್ ಪ್ಲೇಟು ನೋಡಿದರು. ಹಿಂದೆ ಹೋಗಿ ಗಾಜು ಓದಿದರು. ನವಿಲನ್ನೂ ನೋಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ಬೆಳಗಿನಿಂದ ಕಾಯುತ್ತಿದ್ದುದು ಸಿಕ್ಕವನ ಸಮಾಧಾನವಿತ್ತು.

"ಸ್ವಂತದ ಗಾಡಿ, ಬಾಡಿಗಿ ಓಡಸ್ತೀರಿ? ಪರ್ಮಿಟ್ ಎಲ್ಲೈತಿ?"

"ಬಾಡಿಗಿ ಅಲ್ರಿ ಸಾಹೇಬ್ರ."

"ಇವರು ಯಾರು? ಪ್ಯಾಸೆಂಜರೇನು?"

"ಅಲ್ರಿ, ಇಕಿ ಮಹಾನಂದಾ."

"ಟ್ರಾವೆಲ್ಸೇನು?"

"ಹೌದ್ರಿ... ಅಲ್ರಿ... ಹೆಂಡ್ತಿರಿ!"

ಸಾಹೇಬರು ಕನ್ನಡಕ ತೆಗೆದರು. "ಹೆಂಡ್ತಿ ಹೆಸರಿನ ಮುಂದ ಟ್ರಾವೆಲ್ಸ್ ಅಂತ ಯಾರರ ಬರಸ್ತಾರೇನ್ರಿ?"

ಶಂಕರಲಿಂಗ ಹೆಂಡತಿಯ ಕಡೆ ಕೈ ತೋರಿಸಿದ. "ತವರಮನಿಗೆ ಭಾಳ ತಿರಗತಾಳ್ರಿ," ಎಂದ.

ಮಹಾನಂದಾ ಗಂಡನನ್ನು ನೋಡಿದ ನೋಟ ಕಂಡು ಸಾಹೇಬರಿಗೇ ಕರುಣೆ ಬಂತು. ಅವಳ ಕೊರಳಿನ ತಾಳಿ, ಹಿಂದಿನ ಸೀಟಿನಲ್ಲಿ ಅಕ್ಕನಿಗೆಂದು ಇಟ್ಟಿದ್ದ ಕರದಂಟಿನ ಪೊಟ್ಟಣ, ಗಂಡನ ಹಣೆಯ ಬೆವರು ಎಲ್ಲವನ್ನೂ ನೋಡಿ, ಇವರು ಖಂಡಿತ ಗಂಡಹೆಂಡಿರೇ ಎಂಬ ತೀರ್ಮಾನಕ್ಕೆ ಬಂದರು. ಬರೆದದ್ದನ್ನು ಅಲ್ಲಿಯೇ ಕಿತ್ತು ಹಾಕಬೇಕೆಂದು ಅಪ್ಪಣೆ ಮಾಡಿದರು. ಶಂಕರಲಿಂಗ ಉಗುರಿನಿಂದ ಕೆರೆಯತೊಡಗಿದ. ಜಹೀರ ಟೈರಿನ ಹಾಗೆ ಸ್ಟಿಕ್ಕರಿನಲ್ಲೂ ಗಟ್ಟಿ ಮಾಲೇ ಇಟ್ಟಿದ್ದ. ಬಹಳ ಹೊತ್ತಿಗೆ 'ಟ್ರಾವೆಲ್ಸ್' ಮತ್ತು ಫೋನ್ ನಂಬರು ಎದ್ದು ಬಂದವು. ಅವನು 'ಮಹಾನಂದಾ' ಅಕ್ಷರಗಳಿಗೆ ಕೈ ಹಾಕಿದಾಗ ಸಾಹೇಬರು ತಡೆದರು.

"ಹೆಂಡ್ತಿ ಹೆಸರು ಇರಲಿ. ಅದಕ್ಕ ಪರ್ಮಿಟ್ ಬೇಕಾಗಿಲ್ಲ." ಹೋಗುವಾಗ ಬಗ್ಗಿ, "ಟೈರು ಚಲೋ ಅದಾವ. ಎಷ್ಟಕ್ಕ ಕೊಟ್ರು?" ಎಂದು ಕೇಳಿದರು. ಶಂಕರಲಿಂಗ ಮೊದಲ ಬಾರಿಗೆ ಆ ಪ್ರಶ್ನೆಗೆ ಉತ್ತರ ಕೊಡದೆ ಗಾಡಿ ಬಿಟ್ಟ.

ಬದಾಮಿಯ ಮನೆಯ ಮುಂದೆ ಹಂದರ ಏಳುತ್ತಿತ್ತು. ಚಂದ್ರಶೇಖರಪ್ಪ ಪಡಸಾಲೆಯಲ್ಲಿ ಹತ್ತಾರು ಜನರ ನಡುವೆ ನಿಂತು, ಯಾವ ಗಾಡಿಯಲ್ಲಿ ಯಾರು ಕೂಡಬೇಕೆಂದು ಹಂಚುತ್ತಿದ್ದರು. ಸೋದರತ್ತೆಗೆ ಕಿಡಕಿಯ ಪಕ್ಕದ ಸೀಟು ನಿಗದಿಯಾಗಿತ್ತು. ಮುಂದಿನ ಸೀಟಿಗಾಗಿ ಇಬ್ಬರು ಮಾವಂದಿರು ಆಗಲೇ ಮಾತು ಬಿಟ್ಟಿದ್ದರು.

"ಬಂದ್ರು ನೋಡ್ರಿ ಮಾಲಕ್ರು!" ಎಂದು ಚಂದ್ರಶೇಖರಪ್ಪ ಕೂಗಿದರು. 'ಮಗ್ಗದಾಂವ' ಎಂಬ ಮಾತಿನ ಸುಳಿವೇ ಇರಲಿಲ್ಲ.

"ಅಣ್ಣಾರ, ಗಾಡಿ ಬಗ್ಗೆ ಒಂದು ಮಾತು..."

"ಬಾಡಿಗಿ ಮಾತು ತಗೀಬ್ಯಾಡ! ಮನಿ ಮಂದಿಗೆ ಬಾಡಿಗಿ ಹ್ಯಾಂಗ ತಗೊಳ್ಳಿ ಅಂತ ಸಂಕೋಚ ಅಲ್ಲ? ನನಗ ಗೊತ್ತೈತಿ ನಿನ್ನ ಸ್ವಭಾವ."

"ಹಂಗಲ್ರಿ, ಗಾಡಿ ಎಂಟಿಲ್ರಿ..."

"ಹೆಚ್ಚಾಗ್ಯಾವೇನು?" ಚಂದ್ರಶೇಖರಪ್ಪನವರ ದನಿ ಇನ್ನೂ ಏರಿತು. "ಕೇಳಿದ್ರೇನ್ರಿ? ಎಂಟಿಲ್ಲಂತ!"

ಶಂಕರಲಿಂಗ ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಮದುಮಗಳು ಅನುರಾಧಾ ಒಳಗಿಂದ ಬಂದು ಅವನ ಕೈ ಹಿಡಿದಳು. "ಕಾಕಾ, ನಿನ್ನಿಂದ ಎಷ್ಟು ಚಲೋ ಆತು ಗೊತ್ತೇನು? ಅಪ್ಪಾ ಒಂದು ಬಸ್ಸಿನ್ಯಾಗ ಹಿಡಿಯೂವಷ್ಟ ಮಂದಿನ್ನ ಕರಿ ಅಂದಿದ್ದ. ಸಾಲ್ಯಾಗ ನನ್ನ ಜೋಡಿ ಓದಿದವರಿಗೆ, ನನಗ ಹೊಲಿಗಿ ಕಲಿಸಿದಾಕಿಗೆ, ಓಣಿ ಮುದುಕಿ ಆಯಿಗಳಿಗೆ, ಯಾರಿಗೂ ಜಾಗಾ ಇರಲಿಲ್ಲ. ಈಗ ಎಲ್ಲಾರನ್ನೂ ಕರದೇನಿ. ಆಯಿಗಳು ಈಗಾಗಲೇ ಹೊಸಾ ಕುಬಸಾ ಹೊಲಿಸ್ಯಾರ!"

ಶಂಕರಲಿಂಗನ ಗಂಟಲಲ್ಲಿದ್ದ ಸತ್ಯ ಅಲ್ಲಿಯೇ ಕುಳಿತುಕೊಂಡಿತು. ಅವನು ಹೆಂಡತಿಯನ್ನು ನೋಡಿದ. ಹೆಂಡತಿ ಹುಡುಗಿಯನ್ನು ನೋಡುತ್ತಿದ್ದಳು.

"ಎಲ್ಲಾ ಆಯಿಗಳನ್ನೂ ಕರಕೊಂಡು ಬಾ," ಎಂದಳು ಮಹಾನಂದಾ. "ಗಾಡಿ ಬರ್ತಾವು."

ಹೊರಗೆ ಬಂದ ಮೇಲೆ ಶಂಕರಲಿಂಗ ಪಿಸುಗುಟ್ಟಿದ. "ಎಲ್ಲಿಂದ ಬರ್ತಾವ?"

"ನೀವು ಹೇಳೀರಲ್ಲ. ನಮ್ಮವಕ್ಕ ಭಾಳ ಕಿಮ್ಮತ್ತು ಐತಿ ಅಂತ. ನೋಡೂಣು, ಎಷ್ಟೈತಿ ಅಂತ."

ಮರುದಿನ ಗಂಡಹೆಂಡಿರು ಬಾಗಲಕೋಟೆಗೆ ಹೋದರು. ಮಹಾನಂದಾ ಒಂದು ದೊಡ್ಡ ಗಂಟು ಹೊತ್ತುಕೊಂಡಿದ್ದಳು. ಜಹೀರ ಎದ್ದು ಬಂದು, "ಉಳಿದ ಏಳು ಹಿಂದ ಬರಾಕತ್ತಾವೇನ್ರಿ ಮಾಲಕ್ರ?" ಎಂದು ರಸ್ತೆಯ ಕಡೆ ಇಣುಕಿದ.

ಶಂಕರಲಿಂಗ ಕೈ ಮುಗಿದ. "ಜಹೀರಣ್ಣಾ, ನಾ ಓಡಸೂದು ಮಗ್ಗರಿ."

"ಏನ್ರಿ?"

"ಮಗ್ಗ. ಸೀರಿ ನೇಯೂ ಮಗ್ಗ. ಅವೂ ಎಂಟಲ್ರಿ, ಎರಡ. ರೇಟಿನ್ಯಾಗ ಬಿಟ್ಟ ಉಳಿದ ರೊಕ್ಕಾ ತಗೊಂಡು ನನ್ನ ಬಿಟ್ಟುಬಿಡ್ರಿ."

ಜಹೀರ ಅವನನ್ನೇ ನೋಡುತ್ತ ನಿಂತ. ಅವನ ತುಟಿ ಅಲುಗಿದವು. "ಹಗಲು ರಾತ್ರಿ ಓಡತಾವು ಅಂದ್ರಿ..."

"ಓಡತಾವ್ರಿ."

"ಪುಣೆ, ಮುಂಬೈ..."

"ಸೀರಿ ಹೋಗ್ತಾವ್ರಿ."

ಜಹೀರನಿಗೆ ನಗು ಹೊಟ್ಟೆಯಲ್ಲಿ ಹುಟ್ಟಿತು. ಅಷ್ಟು ದೊಡ್ಡ ಮೈಯಲ್ಲಿ ಅದು ಬಾಯಿಯವರೆಗೆ ಬರಲು ಒಂದಿಷ್ಟು ಹೊತ್ತು ಹಿಡಿಯಿತು. ಬಂದ ಮೇಲೆ ಮಾತ್ರ ಅವನು ನಿಲ್ಲಲಾಗದೆ ಟೈರಿನ ರಾಶಿಯ ಮೇಲೆ ಕುಸಿದು ಕುಳಿತ. ಕಣ್ಣಲ್ಲಿ ನೀರು ಹರಿಯಿತು. "ಬಣ್ಣಾ ಹೋಗೂದಿಲ್ಲಲ್ರಿ ಅಂತ ಕೇಳಿದಾಗನ ನನಗ ಡೌಟ್ ಬರಬೇಕಿತ್ತು!" ಎನ್ನುತ್ತ ತೊಡೆ ಬಡಿದುಕೊಂಡ.

ಅವನ ನಗು ಇಳಿಯುವವರೆಗೆ ಮಹಾನಂದಾ ಸುಮ್ಮನೆ ನಿಂತಿರಲಿಲ್ಲ. ಗಂಟು ಬಿಚ್ಚಿ, ಒಂದೊಂದೇ ಸೀರೆಯನ್ನು ಟೈರುಗಳ ಮೇಲೆ ಹರವುತ್ತ ಹೋದಳು. ಆ ಕಪ್ಪು ರಬ್ಬರಿನ ಮೇಲೆ ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು, ಬಿಳಿ ತೆನೆಗಳು ಹೊಳೆದ ಹಾಗೆ ಯಾವ ಜವಳಿ ಅಂಗಡಿಯಲ್ಲೂ ಹೊಳೆದಿರಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

"ಅಣ್ಣಾರ," ಎಂದಳು ಅವಳು ಜಹೀರನಿಗೆ, "ನಿಮ್ಮ ಗಿರಾಕಿಗಳೊಳಗ ಖರೆ ಟ್ರಾವೆಲ್ಸಿನವರು ಇರ್ತಾರಲ್ಲ, ಅವರನ್ನ ಒಂದೀಟು ಕರೀರಿ. ಮದುವಿ ಒಂದಿನ ಒಂದು ಗಾಡಿ, ಅದಕ್ಕೊಂದು ಸೀರಿ. ಡೀಸೆಲ್ ನಮ್ಮದು. ಹೆಣ್ಮಗಳ ಮಾನದ ಮಾತೈತಿ."

ಗಾಡಿಯವರು ಬಂದರು. ಬಾಡಿಗೆಯ ಮಾತಿನಲ್ಲಿ ಕಲ್ಲಿನಂಥ ಜನ. ಒಬ್ಬ ಮೊದಲೇ ತಲೆ ಅಲ್ಲಾಡಿಸಿದ. "ಸೀರಿ ತಗೊಂಡು ನಾವೇನು ಮಾಡೂಣ್ರಿ?"

"ನೀವೇನೂ ಮಾಡಬ್ಯಾಡ್ರಿ. ಮನಿಗೆ ಒಂದು ವಿಡಿಯೋ ಕಾಲ್ ಮಾಡ್ರಿ," ಎಂದಳು ಮಹಾನಂದಾ.

ಅವನು ಮಾಡಿದ. ಅದೇ ಅವನ ತಪ್ಪು. ಫೋನಿನ ಒಳಗಿಂದ ಒಂದು ಹೆಣ್ಣುದನಿ, "ಸೆರಗು ತೋರಸ್ರಿ... ಇನ್ನೊಂದೀಟು ಹತ್ರ... ಆ ನೀಲಿದು ಯಾರ ತಗೊಂಡ್ರು? ಬಿಟ್ಟು ಬಂದ್ರ ಮನಿಗೆ ಬರಬ್ಯಾಡ್ರಿ," ಎಂದಿತು. ಉಳಿದವರ ಫೋನುಗಳೂ ಜೇಬಿನಿಂದ ಹೊರಬಂದವು. ಆ ಮೇಲೆ ಅಂಗಡಿಯಲ್ಲಿ ನಡೆದ ಗದ್ದಲದಲ್ಲಿ ಗಂಡಸರಿಗೆ ಮಾತಾಡಲು ಅವಕಾಶವೇ ಸಿಗಲಿಲ್ಲ. ಸಂಜೆಯೊಳಗೆ ಎಂಟು ಗಾಡಿ ನಿಶ್ಚಯವಾಗಿ, ಇನ್ನಿಬ್ಬರು ತಮ್ಮ ಗಾಡಿಯನ್ನೂ ತಗೋಬೇಕೆಂದು ಜಗಳಕ್ಕೆ ನಿಂತಿದ್ದರು.

ಶಂಕರಲಿಂಗ ಮತ್ತೆ ಉಳಿದ ಹಣದ ಮಾತೆತ್ತಿದಾಗ ಜಹೀರ ಕೈ ಅಲ್ಲಾಡಿಸಿದ. "ಇಷ್ಟು ಮಂದಿ ಮಾಲಕರನ್ನ ಒಂದ ದಿವಸ ನನ್ನ ಅಂಗಡಿಗೆ ಕೂಡಿಸೀರಿ. ಹೋಲ್‌ಸೇಲ್ ರೇಟು ನಿಮಗ ಹೊಂದತೈತಿ. ಆ ಹಸರು ಸೀರಿ ಮಾತ್ರ ನನ್ನ ಮನಿಗೆ ಇರಲಿ, ರೊಕ್ಕಾ ಕೊಟ್ಟ ತಗೋತೇನಿ."

ಮದುವೆಯ ದಿನ ಬದಾಮಿಯಿಂದ ಹುನಗುಂದಕ್ಕೆ ಹೋದ ದಿಬ್ಬಣವನ್ನು ಕಂಡವರು ಇಂದಿಗೂ ಮಾತಾಡುತ್ತಾರೆ. ಮುಂದೆ ಶಂಕರಲಿಂಗನ ಬಿಳಿ ಕಾರು, ಹಿಂದೆ ಎಂಟು ಗಾಡಿಗಳು, ಪ್ರತಿಯೊಂದರ ಕಿಡಕಿಯಲ್ಲೂ ಹೊಸ ಕುಬಸ ತೊಟ್ಟ ಆಯಿಗಳು. ಅವರು ದಾರಿಯುದ್ದಕ್ಕೂ ಬೀಗರನ್ನು ಹಂಗಿಸುವ ಹಾಡು ಹೇಳಿದರು. ಒಂದು ಗಾಡಿಯವರು ಹಾಡಿದ್ದಕ್ಕೆ ಇನ್ನೊಂದು ಗಾಡಿಯವರು ಕಿಡಕಿಯಿಂದಲೇ ಉತ್ತರ ಕೊಟ್ಟರು. ಖೈರುನಬಿಯೂ ಇದ್ದಳು, ಕಲಾದಗಿಯಿಂದ ತಂದ ಚಿಕ್ಕು ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೊತ್ತಿಲ್ಲದ ಹಾಡಿಗೆ ಚಪ್ಪಾಳೆ ಹಾಕುತ್ತಿದ್ದಳು.

ಕಲ್ಯಾಣ ಮಂಟಪದ ಬಾಗಿಲಲ್ಲಿ ವರನ ತಂದೆ ಗಾಡಿಗಳನ್ನು ನೋಡಿ ಬೆರಗಾದರು. ಮದುಮಗಳ ತಂದೆಗೆ ಹಾಕಿದ ಮೇಲೆ ಇನ್ನೊಂದು ಹಾರ ತರಿಸಿ ಶಂಕರಲಿಂಗನ ಕೊರಳಿಗೂ ಹಾಕಿದರು. ಅಕ್ಷತೆ ಬಿತ್ತು. ಅನುರಾಧಾ ತಲೆ ಎತ್ತಿ ಮಂಟಪದ ತುಂಬ ಕುಳಿತ ತನ್ನ ಓಣಿಯ ಮುಖಗಳನ್ನೆಲ್ಲ ನೋಡಿ ಅಳುತ್ತ ನಕ್ಕಳು. ಅದನ್ನು ಕಂಡು ಶಂಕರಲಿಂಗನಿಗೂ ಕಣ್ಣು ತುಂಬಿ ಬಂತು. ಜೊತೆಗೆ, ಆ ಹಾರ ಕೊರಳಿಗೆ ಚುಚ್ಚತೊಡಗಿತು.

ಊಟದ ಪಂಕ್ತಿಯಲ್ಲಿ ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಬೀಗರ, ನಾ ಒಂದು ಖರೆ ಮಾತು ಹೇಳಬೇಕ್ರಿ. ಈ ಗಾಡಿ ಯಾವೂ ನನ್ನವಲ್ಲ. ನನ್ನ ಹತ್ರ ಏನೂ ಇಲ್ರಿ. ನಾ ಭಾಳ ಸಣ್ಣ ಮನಷ್ಯಾ."

ವರನ ತಂದೆಯ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. ಅವರ ಕಣ್ಣಲ್ಲಿ ನೀರು ಕಾಣಿಸಿಕೊಂಡಿತು.

"ಕೇಳಿದ್ರೇನ್ರಿ?" ಎಂದರು ಅವರು ಗದ್ಗದ ಕಂಠದಲ್ಲಿ. "ಎಂಟು ಗಾಡಿ ಇಟಗೊಂಡು 'ನನ್ನದು ಏನೂ ಇಲ್ಲ' ಅನ್ನಾಕ ಎಂಥಾ ಮನಸು ಬೇಕು! ಬಸವಣ್ಣನ ಭಕ್ತರಂದ್ರ ಇವರು ನೋಡ್ರಿ."

ಪಂಕ್ತಿಯ ತುಂಬ 'ಹೌದು ಹೌದು' ಎಂಬ ದನಿ ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು. ಶಂಕರಲಿಂಗ ಗಾಬರಿಯಿಂದ, "ಖರೇನ ಹೇಳಾಕತ್ತೇನ್ರಿ, ಎರಡು ಮಗ್ಗ ಅಷ್ಟ ಅದಾವು!" ಎಂದು ಕೂಗಿದ. ಚಪ್ಪಾಳೆ ಇನ್ನೂ ಜೋರಾಯಿತು. ಅಷ್ಟು ದೊಡ್ಡವರಾದ ಮೇಲೂ ಮನೆತನದ ಮಗ್ಗವನ್ನು ಬಿಟ್ಟಿಲ್ಲವಲ್ಲ ಎಂದು ಒಬ್ಬ ಹಿರಿಯರು ಪಕ್ಕದವರಿಗೆ ಹೇಳಿದರು. ಹೆಂಗಸರ ಸಾಲಿನಲ್ಲಿ ಮಹಾನಂದಾ ಸೆರಗು ಬಾಯಿಗೆ ಅಡ್ಡ ಹಿಡಿದು, ಭುಜ ಅಲುಗುವ ಹಾಗೆ ನಗುತ್ತಿದ್ದಳು.

ಪಕ್ಕದ ಎಲೆಯಲ್ಲಿ ಕುಳಿತಿದ್ದ ಚಂದ್ರಶೇಖರಪ್ಪ ಅವನ ಧೋತರದ ಅಂಚು ಹಿಡಿದು ಕೆಳಗೆ ಎಳೆದು ಕೂಡಿಸಿದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಮೆಲ್ಲಗೆ ಮಾತಾಡಿದರು.

"ಸುಮ್ಮ ಕುಂದರಲೇ. ನನಗ ಮುಂಜಾನೆನ ಗೊತ್ತಾಗೇತಿ. ನಿಮ್ಮ ಮಾಲಕರು ಯಾರು ಅಂತ ಎಂಟು ಡ್ರೈವರ್‌ಗಳಿಗೆ ಕೇಳಿದೆ. ಎಂಟು ಹೆಸರು ಹೇಳಿದ್ರು."

ಶಂಕರಲಿಂಗ ಅವರ ಕಡೆ ಬಗ್ಗಿದ. "ಮತ್ತ ನೀವು ಯಾಕ ಸುಮ್ಮನ..."

"ನನ್ನ ಮಗಳಿಗೋಸ್ಕರ ಸೀರಿ ಗಂಟು ಹೊತ್ತು ತಿರಗೀರಿ ಅಂತ ಅವರ ಹೇಳಿದ್ರಪಾ. ಎಂಟು ಗಾಡಿ ಇದ್ದಾಂವಂದ್ರೂ ಇಷ್ಟು ಮಾಡ್ತಿರಲಿಲ್ಲ." ಚಂದ್ರಶೇಖರಪ್ಪ ಗಂಟಲು ಸರಿಮಾಡಿಕೊಂಡು, ಬೀಗರ ಕಡೆ ನೋಡಿ ದೊಡ್ಡದಾಗಿ ನಕ್ಕು, ಮತ್ತೆ ದನಿ ತಗ್ಗಿಸಿದರು. "ಮತ್ತ ಇನ್ನೊಂದು. ನಿನ್ನ ಕೂಡ ನಾನೂ ದೊಡ್ಡಾಂವ ಆಗೇನಿ ಇಲ್ಲಿ. ಕೆಡಸಬ್ಯಾಡ. ಬಾಯಿ ಮುಚಕೊಂಡು ಹೋಳಿಗಿ ತಿನ್ನು."

ಬಾಯಿ ಮುಚ್ಚಿಕೊಂಡು ಹೋಳಿಗೆ ತಿನ್ನುವುದು ಹೇಗೆಂದು ಶಂಕರಲಿಂಗ ಕೇಳಲಿಲ್ಲ. ತುಪ್ಪ ಬಡಿಸುವವರು ಇತ್ತಲೇ ಬರುತ್ತಿದ್ದರು. ಅವನು ಎಲೆಯನ್ನು ಒಂದಿಷ್ಟು ಮುಂದೆ ಸರಿಸಿದ.